ಕೀಲಿಕೈ, ಈರುಳ್ಳಿ ಮತ್ತು ಬೆಲ್ಲನ ಹನ್ನೊಂದು ನಿಮಿಷ

ಇಲ್ಲಿ ಏನನ್ನೂ ಬರೆಯದೆ ಎಷ್ಟೋ ತಿಂಗಳಾಯ್ತು. ಮೊನ್ನೆ ಗೆಳೆಯನೊಬ್ಬ ಫೋನ್ ಮಾಡಿ, "ನಿನ್ನ ಬ್ಲಾಗು ಇನ್ನೂ ಬದುಕಿದೆಯೇನೋ?" ಅಂತ ಕೇಳಿದ. ಬದುಕಿದೆ, ಮಲಗಿದೆ ಅಂದೆ. ಆಮೇಲೆ ಅವನು ನಿಜವಾದ ವಿಷಯಕ್ಕೆ ಬಂದ. ಅವನ ಮನೆಯ ಲ್ಯಾಬ್ರಡಾರ್ ಹಿಂದಿನ ರಾತ್ರಿ ಇದ್ದಕ್ಕಿದ್ದಂತೆ ಬಿದ್ದು ಒದ್ದಾಡಿತಂತೆ. "ನಿಮ್ಮನೆ ಬೆಲ್ಲನಿಗೂ ಹೀಗೇ ಆಗ್ತಿತ್ತಲ್ಲ, ನೀವು ಏನ್ ಮಾಡಿದ್ರಿ?" ಅಂದ. ಅರ್ಧ ಗಂಟೆ ಮಾತಾಡಿದೆ. ಫೋನ್ ಇಟ್ಟ ಮೇಲೆ ಯೋಚಿಸಿದರೆ, ಮಾಡಬೇಕಾದದ್ದಕ್ಕಿಂತ ನಾವು ಮಾಡಬಾರದೇ ಮಾಡಿದ್ದನ್ನೇ ಅವನಿಗೆ ಜಾಸ್ತಿ ಹೇಳಿದ್ದೆ. ಅದನ್ನೇ ಇಲ್ಲೂ ಬರೆದಿಡೋಣ ಅಂತ ಕೂತಿದ್ದೇನೆ. ಸ್ವಲ್ಪ ಉದ್ದವಾಗುತ್ತೆ, ಸಹಿಸಿಕೊಳ್ಳಿ.

ಬೆಲ್ಲ ನಮ್ಮನೆಗೆ ಬಂದದ್ದು 2020ರ ಲಾಕ್‌ಡೌನಿನಲ್ಲಿ. ಕತ್ರಿಗುಪ್ಪೆಯ ನಮ್ಮ ಬೀದಿಯ ತುದಿಯಲ್ಲಿ ಬೇಕರಿಯೊಂದಿದೆ. ಅದರ ಮುಚ್ಚಿದ ಷಟರಿನ ಮುಂದೆ, ಬನ್ನಿನ ವಾಸನೆ ಇನ್ನೂ ಇದೆಯೇನೋ ಅಂತ ಮೂಸುತ್ತ ಕೂತಿದ್ದ ಅಂಗೈಯಗಲದ ಮರಿ. ನನ್ನ ಹೆಂಡತಿ ಹಾಲು ತರಲು ಹೋದವಳು ಹಾಲಿನ ಜೊತೆ ಅವನನ್ನೂ ತಂದಳು. ಮೈಯೆಲ್ಲ ನಮ್ಮ ಕಡೆಯ ಜೋನಿಬೆಲ್ಲದ ಬಣ್ಣ. ಹಾಗಾಗಿ ಹೆಸರು ಹುಡುಕುವ ಕೆಲಸವೇ ಆಗಲಿಲ್ಲ. ಅಪ್ಪಯ್ಯ ಹೋದಮೇಲೆ, 2019ರಿಂದ, ಅಮ್ಮ ನಮ್ಮ ಜೊತೆಗೇ ಇದ್ದಾಳೆ. "ನಾಯಿ ಹೇಳಿರೆ ಜಗುಲಿ ಕೆಳಗೆ" ಅನ್ನುವ ಕಾಲದವಳು. ಮೊದಲ ವಾರ ಮೂಗು ಮುರಿದಳು. ಎರಡನೇ ವಾರ ದೋಸೆಯ ಅಂಚು ಮುರಿದು ಹಾಕಿದಳು. ಮೂರನೇ ವಾರದಿಂದ ಅವನಿಗೆ ಅಂತಲೇ ಒಂದು ದೋಸೆ ಬೇರೆ.

ಬೆಲ್ಲನಿಗೆ ಮೊದಲ ಸಲ ಫಿಟ್ಸ್ ಬಂದದ್ದು 2022ರ ಆಗಸ್ಟಿನಲ್ಲಿ, ಅವನಿಗೆ ಎರಡು ವರ್ಷ ತುಂಬಿದ ಮೇಲೆ. ಸಂಜೆ ಹೊತ್ತು, ಹಾಲ್‌ನಲ್ಲಿ. ಒಂದು ಕ್ಷಣ ಗೋಡೆಯನ್ನೇ ನೋಡುತ್ತ ನಿಂತ, ದೊಪ್ಪನೆ ಪಕ್ಕಕ್ಕೆ ಬಿದ್ದ. ಕಾಲು ನಾಲ್ಕೂ ಸೆಟೆದವು, ಆಮೇಲೆ ಸೈಕಲ್ ತುಳಿದ ಹಾಗೆ ಒದ್ದಾಡತೊಡಗಿದ, ಬಾಯಲ್ಲಿ ನೊರೆ, ಅಲ್ಲೇ ಉಚ್ಚೆ. ನಾವು ಮೂರೂ ಜನ ಬಾಯಿಬಿಟ್ಟುಕೊಂಡು ನಿಂತೆವು. ಅಮ್ಮ ಓಡಿಹೋಗಿ ಬೀರುವಿನ ಕೀಲಿಕೈ ಗೊಂಚಲು ತಂದು ಅವನ ಮುಂಗಾಲಿಗೆ ಒತ್ತಿ ಹಿಡಿದಳು. ಸ್ವಲ್ಪ ಹೊತ್ತಿಗೆ ಒದ್ದಾಟ ನಿಂತಿತು. "ನೋಡು, ಕಬ್ಣ ಹಿಡದಕೂಡ್ಲೆ ನಿಂತ್ಚು" ಅಂದಳು ಅಮ್ಮ. ನನಗೂ ಹಾಗೇ ಕಂಡಿತು. ಸುಳ್ಳು ಯಾಕೆ ಹೇಳಲಿ!

ಮರುದಿನ ಡಾಕ್ಟರ ಹತ್ತಿರ ಹೋದೆವು. ರಕ್ತ ಪರೀಕ್ಷೆಯಾಯಿತು. ಸಕ್ಕರೆ ಸರಿ, ಕ್ಯಾಲ್ಸಿಯಂ ಸರಿ, ಲಿವರ್ ಕಿಡ್ನಿ ಸರಿ. "ಆರು ತಿಂಗಳಿಂದ ಆರು ವರ್ಷದೊಳಗೆ ಶುರುವಾಗಿ, ಬೇರೆ ಏನೂ ಕಾರಣ ಸಿಗದಿದ್ದರೆ ಸಾಮಾನ್ಯವಾಗಿ ಎಪಿಲೆಪ್ಸಿ, ಅಪಸ್ಮಾರ. ಒಂದೇ ಸಲ ಬಂದದ್ದಕ್ಕೆ ದಿನಾ ಮಾತ್ರೆ ಶುರುಮಾಡೋದು ಬೇಡ. ತಾರೀಖು, ಎಷ್ಟು ಹೊತ್ತು ಇತ್ತು ಅಂತ ಬರೆದಿಟ್ಕೊಳ್ಳಿ. ಸಾಧ್ಯ ಆದ್ರೆ ವಿಡಿಯೋ ಮಾಡಿ. ಐದು ನಿಮಿಷ ದಾಟಿದರೆ ಕಾಯಬೇಡಿ, ತಕ್ಷಣ ಹೊರಡಿ" ಅಂದರು. ನಾನು ತಲೆಯಾಡಿಸಿದೆ. ಐದು ನಿಮಿಷ ಅನ್ನುವುದು ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ. ಡಾಕ್ಟರುಗಳು ಹೇಳುವ ಹತ್ತು ಮಾತಿನಲ್ಲಿ ಇದೂ ಒಂದು ಅಂದುಕೊಂಡೆ. ನಮ್ಮ ಹತ್ತಿರ ಕೀಲಿಕೈ ಇತ್ತಲ್ಲ!

ಎರಡನೇ ಸಲ ಬಂದದ್ದು ಅದೇ ವರ್ಷ ಅಕ್ಟೋಬರಿನಲ್ಲಿ, ನಡುರಾತ್ರಿ. ಹೆಂಡತಿಗೆ ಅಮೆರಿಕದವರ ಜೊತೆ ಆಫೀಸ್ ಕೆಲಸವಿತ್ತು, ಎದ್ದಿದ್ದಳು. ದಡ್ ಅಂತ ಸದ್ದಾಯಿತು. "ರೀ, ಬೆಲ್ಲ!" ಅಂತ ಅವಳು ಕೂಗಿದ್ದಕ್ಕೆ ನಾನು ಎದ್ದೆ. ಸೋಫಾ ಮತ್ತು ಟೀವಿ ಸ್ಟ್ಯಾಂಡಿನ ನಡುವೆ ಸಿಕ್ಕಿಕೊಂಡು ಒದ್ದಾಡುತ್ತಿದ್ದ. ಪ್ರತಿ ಒದೆತಕ್ಕೂ ತಲೆ ಸ್ಟ್ಯಾಂಡಿನ ಕಾಲಿಗೆ ಬಡಿಯುತ್ತಿತ್ತು. ಮೊದಲು ಮಾಡಬೇಕಾದದ್ದು ಅಂದರೆ ಆ ಸ್ಟ್ಯಾಂಡನ್ನು ಪಕ್ಕಕ್ಕೆ ಸರಿಸುವುದು. ಅದನ್ನು ಯಾರೂ ಮಾಡಲಿಲ್ಲ. ಅಮ್ಮ ಕೀಲಿಕೈ ತಂದಳು. ಈ ಸಲ ಕೀಲಿಕೈಗೆ ಅವನು ಬಗ್ಗಲಿಲ್ಲ. ಹೆಂಡತಿ ಅಡುಗೆಮನೆಗೆ ಓಡಿ ಈರುಳ್ಳಿ ಜಜ್ಜಿಕೊಂಡು ಬಂದು ಮೂಗಿಗೆ ಹಿಡಿದಳು. (ಈರುಳ್ಳಿ ನಾಯಿಗಳಿಗೆ ವಿಷ, ಒಳಗೆ ಹೋದರೆ ಕೆಂಪು ರಕ್ತಕಣಗಳನ್ನೇ ಒಡೆದುಹಾಕುತ್ತೆ ಅನ್ನುವುದು ಆಮೇಲೆ ಗೊತ್ತಾದದ್ದು.) ಅಮ್ಮ ತಂಬಿಗೆಯಿಂದ ಮುಖಕ್ಕೆ ನೀರು ಎರಚಿದಳು. ನಾನು ಮಾಡಿದ್ದು ಎಲ್ಲಕ್ಕಿಂತ ದೊಡ್ಡ ಘನಕಾರ್ಯ. ನಾಲಿಗೆ ನುಂಗಿಬಿಡುತ್ತಾನೆ ಅಂತ ಹೆದರಿ, ಸ್ಟೀಲ್ ಚಮಚ ತಂದು ಹಲ್ಲುಗಳ ನಡುವೆ ತೂರಿಸಿದೆ.

ನಾಯಿಯಾಗಲಿ ಮನುಷ್ಯನಾಗಲಿ ನಾಲಿಗೆ ನುಂಗಲಿಕ್ಕೆ ಬರುವುದಿಲ್ಲ. ಅದು ಬುಡದಲ್ಲಿ ಕಟ್ಟಿಕೊಂಡೇ ಇದೆ. ಕಚ್ಚಿಕೊಂಡು ರಕ್ತ ಬರಬಹುದು, ಅದು ವಾಸಿಯಾಗುತ್ತೆ. ಆದರೆ ಫಿಟ್ಸ್ ಬಂದ ನಾಯಿಯ ದವಡೆಗೆ ತಾನು ಏನನ್ನು ಕಚ್ಚುತ್ತಿದ್ದೇನೆ ಅನ್ನುವ ಪರಿವೆಯೇ ಇರುವುದಿಲ್ಲ. ನನ್ನ ತೋರುಬೆರಳಿಗೆ ಮೂರು ಹೊಲಿಗೆ ಬಿತ್ತು. ಬೆಲ್ಲನಿಗೆ ಎಲ್ಲ ಲಸಿಕೆ ಹಾಕಿಸಿದ್ದರೂ ನಮ್ಮ ಡಾಕ್ಟರು ಬಿಡದೆ ನನಗೂ ರೇಬೀಸ್ ಚುಚ್ಚುಮದ್ದು ಕೊಟ್ಟರು. ಬೆಲ್ಲನ ಎಡಗಡೆ ಕೋರೆಹಲ್ಲಿನ ತುದಿ ಇವತ್ತಿಗೂ ಮೊಂಡು. ಅದು ಫಿಟ್ಸ್ ಮುರಿದದ್ದಲ್ಲ, ನನ್ನ ಚಮಚ ಮುರಿದದ್ದು.

ಆಮೇಲೆ ಫೋನ್ ನೆನಪಾಯಿತು. ಡಾಕ್ಟರು ಎರಡನೇ ಸಲಕ್ಕೆ ಎತ್ತಿದರು. ನಿದ್ದೆಗಣ್ಣಲ್ಲೂ ಅವರು ಕೇಳಿದ ಮೊದಲ ಪ್ರಶ್ನೆ, "ಎಷ್ಟು ಹೊತ್ತಾಯ್ತು?"

ನಾನಂದೆ, "ಈಗ ತಾನೇ ಸಾರ್, ಒಂದೆರಡು ನಿಮಿಷ ಆಗಿರಬಹುದು."

"ಹಾಗಿದ್ರೆ ಸುತ್ತ ಇರೋದನ್ನ ಸರಿಸಿ, ಬಾಯಿಗೆ ಏನೂ ಹಾಕಬೇಡಿ, ಇನ್ನೆರಡು ನಿಮಿಷ ನೋಡಿ. ನಿಲ್ಲದಿದ್ರೆ ಕರ್ಕೊಂಡು ಹೊರಡಿ" ಅಂದರು. ನಾನು ಹೇಳಿದ್ದು ನಿಜವಾಗಿದ್ದರೆ ಅವರು ಹೇಳಿದ್ದು ಸರಿಯಾಗಿಯೇ ಇತ್ತು.

ಎರಡು ದಿನದ ಮೇಲೆ, ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಹೆಂಡತಿ ತನ್ನ ಫೋನ್ ತೆಗೆದಳು. ಆ ಸದ್ದು ಕೇಳುವ ಮೊದಲು ಅವಳು ಆಫೀಸಿನ ಯಾರಿಗೋ ಕಳಿಸಿದ ಕೊನೆಯ ಮೆಸೇಜು 2:38ಕ್ಕೆ. ನನ್ನ ಫೋನಿನಲ್ಲಿ ಡಾಕ್ಟರು ಕರೆ ಎತ್ತಿದ್ದು 2:46ಕ್ಕೆ. ಅಂದರೆ ನಾನು "ಈಗ ತಾನೇ" ಅಂದಾಗ ಎಂಟು ನಿಮಿಷವಾಗಿತ್ತು. ಅವನ ಒದ್ದಾಟ ನಿಂತದ್ದು, ಹೆಂಡತಿ ಡಾಕ್ಟರಿಗೆ ಮತ್ತೆ ಫೋನ್ ಮಾಡಿ ನಾನು ಅವನನ್ನು ಬೆಡ್‌ಶೀಟಿನಲ್ಲಿ ಹೊತ್ತು ಮೆಟ್ಟಿಲು ಇಳಿಯುವಾಗ, 2:49ಕ್ಕೆ. ಹನ್ನೊಂದು ನಿಮಿಷ. ಗಡಿಯಾರ ಟೀವಿಯ ಮೇಲೆಯೇ, ನಮ್ಮ ಕಣ್ಣೆದುರಿಗೇ ಗೋಡೆಯಲ್ಲಿತ್ತು. ಮೂರು ಜನರಲ್ಲಿ ಒಬ್ಬರೂ ಅದರ ಕಡೆ ನೋಡಿರಲಿಲ್ಲ.

ಆ ರಾತ್ರಿಯ ಉಳಿದ ಕಥೆಯನ್ನು ಬೇಗ ಹೇಳಿ ಮುಗಿಸುತ್ತೇನೆ, ನೆನೆಸಿಕೊಳ್ಳಲು ಇಷ್ಟವಿಲ್ಲ. 24 ಗಂಟೆ ತೆರೆದಿರುತ್ತೆ ಅಂತ ಬೋರ್ಡು ಹಾಕಿಕೊಂಡಿದ್ದ ಹತ್ತಿರದ ಕ್ಲಿನಿಕ್ಕಿಗೆ ಹೋದರೆ ಷಟರ್ ಎಳೆದಿತ್ತು. ಅಲ್ಲಿಂದ ಇನ್ನೊಂದು ಕಡೆ ಹೋಗುವಾಗ ಕಾರಿನಲ್ಲೇ, ಪ್ರಜ್ಞೆ ಪೂರ್ತಿ ಬರುವ ಮೊದಲೇ, ಮತ್ತೆ ಶುರುವಾಯಿತು. ಮುಟ್ಟಿದಾಗ 3:15. ಅಲ್ಲಿದ್ದ ಹುಡುಗಿ ಡಾಕ್ಟರು ನೋಡಿದ ಕೂಡಲೇ ನಮ್ಮನ್ನು ಏನೂ ಕೇಳದೆ ಅವನ ಕಾಲಿನ ರಕ್ತನಾಳಕ್ಕೆ ಸೂಜಿ ಹಾಕಿ ಔಷಧಿ ಬಿಟ್ಟರು, ಆಮ್ಲಜನಕದ ಮಾಸ್ಕ್ ಇಟ್ಟರು, ಥರ್ಮಾಮೀಟರ್ ಇಟ್ಟರು. 106 ಡಿಗ್ರಿ ಫ್ಯಾರನ್‌ಹೀಟ್‌ಗೂ ಮೇಲೆ. ನಾಯಿಗಳಿಗೆ ಸಹಜವಾಗಿ ಇರಬೇಕಾದದ್ದು 101ರಿಂದ 102.5ರ ಆಸುಪಾಸು. ಮೈಯ ಸ್ನಾಯುಗಳೆಲ್ಲ ಒಟ್ಟಿಗೆ ದುಡಿದು ಅವನನ್ನು ಒಳಗಿನಿಂದಲೇ ಬೇಯಿಸುತ್ತಿದ್ದವು.

ಬದುಕಿದ. ಆದರೆ ಮನೆಗೆ ಬಂದವನಿಗೆ ಮೂರು ದಿನ ಕಣ್ಣು ಕಾಣಲಿಲ್ಲ. ಗೋಡೆಗೆ ತಲೆ ಒತ್ತಿಕೊಂಡು ನಿಲ್ಲುತ್ತಿದ್ದ. ಸುತ್ತು ಹೊಡೆಯುತ್ತಿದ್ದ. ದೃಷ್ಟಿ ವಾಪಸು ಬಂತು. ಕೆಲವು ಸಂಗತಿಗಳು ಮಾತ್ರ ವಾಪಸು ಬರಲಿಲ್ಲ. ಮೆಟ್ಟಿಲು ಇಳಿಯುವುದು ಮರೆತೇಹೋಗಿದೆ, ಈಗಲೂ ಎತ್ತಿಕೊಂಡೇ ಇಳಿಸಬೇಕು. ಬೈಕಿನ ಸದ್ದಿಗೆ ಗೇಟಿಗೆ ಓಡಿ ಬರುತ್ತಿದ್ದವನು ಈಗ ಕಿವಿ ಮಾತ್ರ ಎತ್ತುತ್ತಾನೆ. ಡಾಕ್ಟರು, "ಹೇಳಕ್ಕಾಗಲ್ಲ, ಮೆದುಳಿಗೆ ಸ್ವಲ್ಪ ಪೆಟ್ಟಾಗಿರಬಹುದು" ಅಂದರು. ಅಷ್ಟೇ. ಎಂಟನೇ ನಿಮಿಷಕ್ಕೆ "ಎಂಟು ನಿಮಿಷ" ಅಂತ ಹೇಳಿದ್ದರೆ ಎಷ್ಟು ಉಳಿಯುತ್ತಿತ್ತು ಅಂತ ನಾನು ಅವರನ್ನು ಕೇಳಲಿಲ್ಲ.

ಆದರೆ ಐದೇ ಯಾಕೆ ಅಂತ ಕೇಳಿದೆ. ಅವರು ಸಾವಧಾನವಾಗಿ ಕೂತು ಹೇಳಿದರು. ಸಾಮಾನ್ಯವಾಗಿ ನಾಯಿಯ ಫಿಟ್ಸ್ ಒಂದೆರಡು ನಿಮಿಷದಲ್ಲಿ ತಾನಾಗೇ ನಿಲ್ಲುತ್ತೆ. ಮೆದುಳಿಗೆ ತನ್ನದೇ ಬ್ರೇಕುಗಳಿವೆ, ಅವು ಹಿಡಿದು ನಿಲ್ಲಿಸುತ್ತವೆ. ಐದು ನಿಮಿಷವಾದರೂ ನಿಲ್ಲಲಿಲ್ಲ ಅಂದರೆ ಬ್ರೇಕು ಹಿಡಿಯುತ್ತಿಲ್ಲ, ಇನ್ನು ತಾನಾಗಿ ನಿಲ್ಲುವ ಭರವಸೆ ಕಡಿಮೆ. ಒಂದು ನಿಂತು, ಎಚ್ಚರವಾಗುವ ಮೊದಲೇ ಇನ್ನೊಂದು ಬಂದರೂ ಲೆಕ್ಕ ಅದೇ. ಇದಕ್ಕೆ ಅವರ ಭಾಷೆಯಲ್ಲಿ 'ಸ್ಟೇಟಸ್ ಎಪಿಲೆಪ್ಟಿಕಸ್' ಅಂತಾರೆ. ಕೆಟ್ಟ ಸಂಗತಿ ಏನೆಂದರೆ, ನರಕೋಶಗಳ ಮೇಲ್ಮೈಯಲ್ಲಿ ಔಷಧಿ ಹೋಗಿ ಕೂರುವ ಜಾಗಗಳೂ ಹೊತ್ತು ಕಳೆದಂತೆ ಒಳಗೆ ಎಳೆದುಕೊಂಡುಬಿಡುತ್ತವಂತೆ. ಹಾಗಾಗಿ ಐದನೇ ನಿಮಿಷದಲ್ಲಿ ಕೆಲಸ ಮಾಡುವ ಔಷಧಿ ಮೂವತ್ತನೇ ನಿಮಿಷದಲ್ಲಿ ಅಷ್ಟು ಕೆಲಸ ಮಾಡುವುದಿಲ್ಲ. 24 ಗಂಟೆಯೊಳಗೆ ಎರಡೋ ಮೂರೋ ಸಲ ಬಂದರೆ, ಪ್ರತಿಯೊಂದೂ ಚಿಕ್ಕದಾಗಿದ್ದರೂ, ನಡುವೆ ನಾಯಿ ಚೆನ್ನಾಗಿಯೇ ಇದ್ದರೂ, ಅವತ್ತೇ ತೋರಿಸಬೇಕು.

ಇದನ್ನು ಕೇಳುತ್ತ ಕೂತಿದ್ದಾಗಲೇ ನನಗೆ ಕೀಲಿಕೈ ಗುಟ್ಟು ಹೊಳೆದದ್ದು. ಫಿಟ್ಸ್ ಹೇಗೂ ಎರಡು ನಿಮಿಷಕ್ಕೆ ನಿಲ್ಲುತ್ತೆ. ನಾವು ಗಾಬರಿಯಾಗಿ, ಓಡಿ, ಬೀರು ತೆಗೆದು, ಕೀಲಿಕೈ ಹುಡುಕಿ ತರುವುದಕ್ಕೂ ಎರಡು ನಿಮಿಷ ಬೇಕು. ಕಬ್ಬಿಣ ಮುಟ್ಟಿತು, ಫಿಟ್ಸ್ ನಿಂತಿತು! ಈರುಳ್ಳಿ, ಚಪ್ಪಲಿ ಎಲ್ಲವೂ ಹೀಗೆಯೇ ಹೆಸರು ಮಾಡಿದ್ದು. ಹತ್ತರಲ್ಲಿ ಒಂಬತ್ತು ಸಲ ಅವು ಗೆದ್ದ ಹಾಗೇ ಕಾಣುತ್ತವೆ. ಹತ್ತನೆಯದು, ತಾನಾಗಿ ನಿಲ್ಲದೇ ಇರುವಂಥದ್ದು ಬಂದಾಗ, ನಮ್ಮ ಕೈಯಲ್ಲಿ ಕೀಲಿಕೈ ಇರುತ್ತೆ, ಕಣ್ಣು ಗಡಿಯಾರದ ಮೇಲೆ ಇರುವುದಿಲ್ಲ. ಅಮ್ಮನನ್ನು ಬೈಯಲು ನನಗೆ ಮನಸ್ಸು ಬಾರದ್ದು ಇದಕ್ಕೇ. ಆಗಸ್ಟಿನಲ್ಲಿ ಅವಳು ಕಣ್ಣಾರೆ ಕಂಡದ್ದನ್ನು ನಂಬಿದಳು, ಅಷ್ಟೇ.

ಅಮ್ಮನ ವಿಷಯ ಬಂದಾಗ ದಾಸುವಿನ ವಿಷಯ ಹೇಳಲೇಬೇಕು. ಇಷ್ಟು ವರ್ಷ ಇಲ್ಲಿ ಊರು, ಮಳೆ, ಅಪ್ಪೆಮಿಡಿ ಅಂತ ಎಷ್ಟೆಲ್ಲ ಬರೆದಿದ್ದೇನೆ, ದಾಸುವಿನ ಬಗ್ಗೆ ಬರೆದಿಲ್ಲ.

1989ರಲ್ಲಿ ನಾನು ನಾಲ್ಕನೇ ಕ್ಲಾಸು. ಸಾಗರದಿಂದ ಒಳಗೆ, ಬಸ್ಸಿಳಿದು ಮೂರು ಮೈಲಿ ನಡೆಯಬೇಕಾದ ಊರು. ದಾಸು ನಮ್ಮನೆ ನಾಯಿ, ಕಪ್ಪು, ಎದೆಯ ಮೇಲೆ ಬಿಳಿ ಚುಕ್ಕೆ. ನಾನು ಶಾಲೆಗೆ ಹೋಗುವಾಗ ಸಂಕದವರೆಗೆ ಬಂದು, ಸಂಕ ದಾಟದೆ, ಅಲ್ಲೇ ನಿಂತು ನೋಡಿ ವಾಪಸು ಹೋಗುತ್ತಿದ್ದ. ಒಂದು ಮಧ್ಯಾಹ್ನ ಅಂಗಳದಲ್ಲಿ ಅಡಿಕೆ ಹರವಿದ ತಟ್ಟಿಯ ಪಕ್ಕ ಬಿದ್ದು ಒದ್ದಾಡಿದ. ಬಾಯಿ ತುಂಬ ನೊರೆ. ನಾನು ಓಡಿಹೋಗಿ ಹಿಡಿಯಲು ನೋಡಿದೆ. "ಹುಚ್ಚು ಹಿಡದ್ದು ಅದಕ್ಕೆ! ಮುಟ್ಟಡ, ಒಳಗೆ ಬಾ!" ಅಂತ ಅಮ್ಮ ಕೂಗಿದಳು. ಆ ಕೂಗಿಗೆ ತೋಟದಲ್ಲಿದ್ದ ಅಪ್ಪಯ್ಯ ಬಂದ, ಆಳುಗಳು ಬಂದರು, ಪಕ್ಕದ ಮನೆಯವರು ನಾಡಕೋವಿ ಹಿಡಿದೇ ಬಂದರು.

ಆ ಭಯ ಸುಮ್ಮನೆ ಹುಟ್ಟಿದ್ದಲ್ಲ ಅಂತ ಈಗ ಅರ್ಥವಾಗುತ್ತೆ. ಆ ಕಾಲದಲ್ಲಿ ಹುಚ್ಚುನಾಯಿ ಕಚ್ಚಿದರೆ ಹೊಕ್ಕುಳ ಸುತ್ತ ಹದಿನಾಲ್ಕು ಇಂಜೆಕ್ಷನ್ ಅನ್ನುವುದು ಮಕ್ಕಳಿಗೂ ಗೊತ್ತಿತ್ತು. ಕುರಿಯ ಮೆದುಳಿನಿಂದ ಮಾಡುತ್ತಿದ್ದ ಆ ಹಳೇ ಲಸಿಕೆಯಿಂದಲೇ ಕೆಲವರಿಗೆ ಲಕ್ವ ಹೊಡೆಯುತ್ತಿತ್ತು. ನಮ್ಮ ದೇಶದಲ್ಲಿ ಅದನ್ನು ಪೂರ್ತಿ ನಿಲ್ಲಿಸಿದ್ದು 2004ರ ಡಿಸೆಂಬರಿನಲ್ಲಿ. ರೇಬೀಸ್ ಬಂದವರು ಬದುಕುವುದಿಲ್ಲ, ಆಗಲೂ ಇಲ್ಲ, ಈಗಲೂ ಇಲ್ಲ ಅನ್ನುವಷ್ಟು ಅಪರೂಪ. ಮನೆಯಲ್ಲಿ ಮಗು ಇರುವ ತಾಯಿ ಇನ್ನೇನು ಕೂಗಿಯಾಳು?

ಆದರೆ ದಾಸು ಎದ್ದು ಕೂತ. ಅದು ನನಗೆ ಚೆನ್ನಾಗಿ ನೆನಪಿದೆ. ತಲೆ ಕೊಡವಿ, ಕಾಲು ತಡವರಿಸುತ್ತ ಎದ್ದು, ಅಷ್ಟು ಜನ ಯಾಕೆ ಸೇರಿದ್ದಾರೆ ಅಂತ ತಿಳಿಯದೆ ಬಾಲ ಅಲ್ಲಾಡಿಸಿದ. ನನ್ನನ್ನು ಒಳಗೆ ಎಳೆದುಕೊಂಡು ಹೋಗಿ ಬಾಗಿಲು ಹಾಕಿದರು. ಸದ್ದು ಮಾತ್ರ ಕೇಳಿತು.

ಅವನಿಗೆ ಏನಾಗಿತ್ತು ಅಂತ ಈಗ ಹೇಳುವವರು ಯಾರು? ಬೆಲ್ಲನ ಹಾಗೆ ಅಪಸ್ಮಾರ ಇರಬಹುದು. ಮರಿಯಾಗಿದ್ದಾಗ ಬಂದು ಹೋದ ಡಿಸ್ಟೆಂಪರ್ ಕಾಯಿಲೆ ನರಕ್ಕೆ ಇಳಿದಿರಬಹುದು, ಲಸಿಕೆ ಕಾಣದ ನಾಯಿಗಳಲ್ಲಿ ಇದು ಸಾಮಾನ್ಯ. ತೋಟದಲ್ಲಿ ಬಾಳೆಯ ಬುಡಕ್ಕೆ ಹಾಕುತ್ತಿದ್ದ ಫೋರೇಟ್ ಹರಳು ಹೊಟ್ಟೆಗೆ ಹೋಗಿರಬಹುದು, ಅದು ಜೊಲ್ಲು ಸುರಿಸಿ, ನಡುಗಿಸಿ, ಫಿಟ್ಸ್ ತರುವಂಥದ್ದೇ. (2020ರ ಕೊನೆಗೆ ಅದನ್ನು ನಿಷೇಧಿಸಿದರು.) ಅಥವಾ ಅಮ್ಮ ಕೂಗಿದ್ದೇ ನಿಜವಿರಬಹುದು. ತಿಳಿಯಲಿಕ್ಕೆ ಒಂದು ದಾರಿ ಇತ್ತು. ಯಾರಿಗೂ ಎಟುಕದ ಹಾಗೆ ಕಟ್ಟಿಹಾಕಿ, ಜೊಲ್ಲು ಮುಟ್ಟದೆ, ಹತ್ತು ದಿನ ನೋಡುವುದು. ರೇಬೀಸಿನ ಲಕ್ಷಣ ಶುರುವಾದ ನಾಯಿ ಸಾಮಾನ್ಯವಾಗಿ ಅಷ್ಟು ದಿನ ಬದುಕುವುದಿಲ್ಲ. ಯಾರಿಗಾದರೂ ಕಚ್ಚಿದ್ದರೆ ಮಾತ್ರ ಈ ಹತ್ತು ದಿನ ಕಾಯುತ್ತ ಕೂರಬಾರದು, ಸೋಪು ಹಾಕಿ ಹದಿನೈದು ನಿಮಿಷ ತೊಳೆದು ಅವತ್ತೇ ಚುಚ್ಚುಮದ್ದು ಶುರುಮಾಡಬೇಕು. ಬೀದಿಯಲ್ಲಿ ಅಪರಿಚಿತ ನಾಯಿ ಒದ್ದಾಡುತ್ತಿದ್ದರೆ ನಾನು ಇವತ್ತಿಗೂ ಹತ್ತಿರ ಹೋಗಿ ಮುಟ್ಟುವುದಿಲ್ಲ. ಜನರನ್ನು ದೂರ ಸರಿಸಿ, ತಿಳಿದವರಿಗೆ ಫೋನ್ ಮಾಡುತ್ತೇನೆ. ಕೋವಿ ಹಿಡಿದು ಬಂದವರನ್ನೂ ನಾನು ದೂರುವುದಿಲ್ಲ. ಆದರೆ ದಾಸುವಿಗೆ ಹತ್ತು ನಿಮಿಷವನ್ನೂ ಕೊಡಲಿಲ್ಲ ಅನ್ನುವುದು ನನ್ನೊಳಗೆ ಹಾಗೇ ಕೂತಿದೆ.

ಸರಿ, ಬೆಲ್ಲನ ಕಥೆಗೆ ಬರುತ್ತೇನೆ. ಆ ಅಕ್ಟೋಬರಿನಿಂದ ಅವನಿಗೆ ಫಿನೋಬಾರ್ಬಿಟೋನ್ ಮಾತ್ರೆ, ಬೆಳಿಗ್ಗೆ ಎಂಟಕ್ಕೆ, ರಾತ್ರಿ ಎಂಟಕ್ಕೆ. ಮನುಷ್ಯರ ಅಪಸ್ಮಾರಕ್ಕೆ 1912ರಿಂದ ಕೊಡುತ್ತ ಬಂದಿರುವ, ನೂರು ವರ್ಷ ದಾಟಿದ ಔಷಧಿ. ಮೊದಲೆರಡು ವಾರ ಕುಡಿದವರ ಹಾಗೆ ತೂರಾಡಿದ. ಹಸಿವು, ನೀರಡಿಕೆ ಎರಡೂ ವಿಪರೀತ. ಅಮ್ಮನ ದೋಸೆ ಹಿಟ್ಟು ಒಂದು ಸೇರು ಜಾಸ್ತಿ ರುಬ್ಬಬೇಕಾಯಿತು, ಆಮೇಲೆ ಡಾಕ್ಟರು ಬೈದು ದೋಸೆ ಬಿಡಿಸಿದರು. ಔಷಧಿಯ ಮಟ್ಟ ರಕ್ತದಲ್ಲಿ ಎಷ್ಟಿದೆ, ಲಿವರ್ ಹೇಗಿದೆ ಅಂತ ಆಗಾಗ ಪರೀಕ್ಷೆ. ಎಲ್ಲಕ್ಕಿಂತ ಮುಖ್ಯ, ಇದನ್ನು ನಾವೇ ನಿಲ್ಲಿಸುವ ಹಾಗಿಲ್ಲ. "ಚೆನ್ನಾಗಿದಾನಲ್ಲ" ಅಂತ ಒಮ್ಮೆಲೇ ಬಿಟ್ಟರೆ ಅದೇ ಕಾರಣಕ್ಕೆ ನಿಲ್ಲದ ಫಿಟ್ಸ್ ಬರುತ್ತೆ. ಮಾತ್ರೆ ಮುಗಿದು, ಚೀಟಿಯಿಲ್ಲದೆ ಅಂಗಡಿಯವರು ಕೊಡದೆ, ದೀಪಾವಳಿಯ ರಜೆಯಲ್ಲಿ ಒಮ್ಮೆ ಪೇಚಾಡಿದ ಮೇಲೆ ಈಗ ಹದಿನೈದು ದಿನದ ಮಾತ್ರೆ ಯಾವಾಗಲೂ ಮನೆಯಲ್ಲಿರುತ್ತೆ. ಗುಣವಾಗುತ್ತಾ ಅಂತ ಕೇಳಿದ್ದಕ್ಕೆ ಡಾಕ್ಟರು, ಹತೋಟಿಯಲ್ಲಿಡಬಹುದು ಅಂದರು. ನಟರಾಜನ ವಿಗ್ರಹದಲ್ಲಿ ಕಾಲ ಕೆಳಗೆ ಒಬ್ಬ ಕುಳ್ಳ ಬಿದ್ದಿರುತ್ತಾನಲ್ಲ, ಅವನ ಹೆಸರೂ ಅಪಸ್ಮಾರನೇ. ಶಿವ ಅವನನ್ನು ಕೊಂದಿಲ್ಲ, ಮೆಟ್ಟಿಕೊಂಡಿದ್ದಾನೆ ಅಷ್ಟೇ.

ಇನ್ನೊಂದು ಔಷಧಿ ಫ್ರಿಜ್ಜಿನ ಪಕ್ಕದ ಡಬ್ಬದಲ್ಲಿರುತ್ತೆ. ಮಿಡಜೋಲಮ್ ಅಂತ, ಮಕ್ಕಳ ಫಿಟ್ಸಿಗೆ ಬಳಸುವ ಮೂಗಿನ ಸ್ಪ್ರೇ. ಹಿಂದೆ ಮನೆಯಲ್ಲಿ ಕೊಡಲಿಕ್ಕೆ ಅಂತ ಡಯಾಜೆಪಾಮ್ ಕೊಡುತ್ತಿದ್ದರು, ಗುದದ್ವಾರದ ಮೂಲಕ ಬಿಡಬೇಕಿತ್ತು. 2017ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಫಿಟ್ಸ್ ನಿಲ್ಲದ ನಾಯಿಗಳಿಗೆ ಎರಡನ್ನೂ ಕೊಟ್ಟು ನೋಡಿದರು. ಮೂಗಿಗೆ ಮಿಡಜೋಲಮ್ ಕೊಟ್ಟ 20 ನಾಯಿಗಳಲ್ಲಿ 14ಕ್ಕೆ ನಿಂತಿತು. ಡಯಾಜೆಪಾಮ್ ಕೊಟ್ಟ 15ರಲ್ಲಿ 3ಕ್ಕೆ ಮಾತ್ರ. ಎಷ್ಟು ಕೊಡಬೇಕು ಅನ್ನುವುದನ್ನು ನಾನು ಇಲ್ಲಿ ಬೇಕೆಂದೇ ಬರೆಯುತ್ತಿಲ್ಲ, ಅದು ಆಯಾ ನಾಯಿಯ ತೂಕ ನೋಡಿ ಡಾಕ್ಟರು ಬರೆದುಕೊಡಬೇಕಾದದ್ದು, ಜಾಸ್ತಿಯಾದರೆ ಉಸಿರಾಟವೇ ಕುಗ್ಗಬಹುದು. ಬೆಲ್ಲನಿಗೆ ಒಮ್ಮೆ ಹಾಗಾಗಿರುವುದರಿಂದ ಅವನ ವಿಷಯದಲ್ಲಿ ಐದು ನಿಮಿಷ ಕಾಯದೆ, ಎರಡು ನಿಮಿಷವಾದ ಕೂಡಲೇ ಕೊಡಿ ಅಂದಿದ್ದಾರೆ. ಬಾಯಿಗೆ ಮಾತ್ರೆ, ನೀರು, ಹಾಲು ಏನನ್ನೂ ಹಾಕುವ ಹಾಗಿಲ್ಲ, ಶ್ವಾಸಕೋಶಕ್ಕೆ ಇಳಿಯುತ್ತೆ.

ಕರ್ಪೂರದ ವಿಷಯವನ್ನು ಮರೆಯುತ್ತಿದ್ದೆ. ಫಿಟ್ಸ್ ಬಂದವರಿಗೆ ಕರ್ಪೂರ ಮೂಸಿಸುವ, ನೀಲಗಿರಿ ಎಣ್ಣೆ ಹಚ್ಚುವ ಪದ್ಧತಿ ಕೆಲವು ಕಡೆ ಇದೆ. ಆ ಎರಡೂ ಫಿಟ್ಸ್ ತರಿಸುವ ಪದಾರ್ಥಗಳು! ನಮ್ಮ ದೇವರ ಗೂಡಿನ ಕರ್ಪೂರದ ಡಬ್ಬ ಈಗ ಮೇಲಿನ ಶೆಲ್ಫಿಗೆ ಹೋಗಿದೆ.

ಮೂರನೇ ಸಲ ಬಂದದ್ದು 2023ರ ಫೆಬ್ರವರಿಯಲ್ಲಿ, ಶಿವರಾತ್ರಿ ಕಳೆದು ಒಂದು ವಾರಕ್ಕೆ, ನಸುಕಿನಲ್ಲಿ. ನಾನು ಎದ್ದು ಬರುವಷ್ಟರಲ್ಲಿ ಅಮ್ಮ ಅಲ್ಲಿದ್ದಳು. ಕೈಯಲ್ಲಿ ಕೀಲಿಕೈ ಇರಲಿಲ್ಲ, ಅಪ್ಪಯ್ಯನ ಹಳೇ ಎಚ್‌ಎಂಟಿ ವಾಚಿತ್ತು.

"ಎಷ್ಟಾತು ಹೇಳಿ ನಾ ನೋಡ್ತಿ, ನೀ ಅದ್ರ ತಲೆ ನೋಡ್ಕ್ಯ" ಅಂದಳು.

ನಾನು ಟೀಪಾಯಿ ಸರಿಸಿದೆ. ತಲೆಯ ಕೆಳಗೆ ಮಡಿಸಿದ ಟವೆಲ್ ತೂರಿಸಿ, ಬಾಯಿಯಿಂದ ದೂರ, ಬೆನ್ನಿನ ಕಡೆ ಕೂತೆ. ಹಿಡಿದು ಒತ್ತಲಿಲ್ಲ. ಹೆಂಡತಿ ಲೈಟು, ಟೀವಿ ಸ್ಟೆಬಿಲೈಜರು ಎಲ್ಲ ಆರಿಸಿ, ಫ್ಯಾನ್ ಹಾಕಿ, ಫೋನಿನಲ್ಲಿ ವಿಡಿಯೋ ಹಿಡಿದಳು. ಏನೂ ಮಾಡದೆ ಕೂರುವುದು ಎಷ್ಟು ಕಷ್ಟ ಅಂತ ಆವತ್ತು ಗೊತ್ತಾಯಿತು ಮಾರಾಯ್ರೇ. ಕೈ ತಾನಾಗಿ ಹೋಗುತ್ತೆ, ಅವನ ಕಾಲು ಹಿಡಿಯೋಣ, ಮೂತಿ ಒರೆಸೋಣ ಅಂತ. ಅಮ್ಮ ಕತ್ತಲಲ್ಲಿ ಟಾರ್ಚಿನ ಬೆಳಕಿಗೆ ವಾಚು ಹಿಡಿದು, ಮಂತ್ರ ಹೇಳುವ ಹಾಗೆ, "ಅರ್ಧ... ಒಂದು... ಒಂದೂವರೆ..." ಅಂತ ಎಣಿಸುತ್ತಿದ್ದಳು. "ಎರಡು" ಅಂದಳು. ನಾನು ಸ್ಪ್ರೇ ಕೊಟ್ಟೆ. ಕೈ ನಡುಗಿ ಒಂದು ಸಲದ್ದು ಮೂಗಿನ ಹೊರಗೇ ಹೋಯಿತು, ಮತ್ತೆ ಕೊಟ್ಟೆ. ಮೂರು ನಿಮಿಷ ಹತ್ತು ಸೆಕೆಂಡಿಗೆ ಒದ್ದಾಟ ಸಡಿಲವಾಯಿತು. ಮೈ ಬಿಸಿಯಾಗಿತ್ತು. ಪಂಜ, ಕಂಕುಳು, ಹೊಟ್ಟೆಗೆ ನಲ್ಲಿಯ ನೀರಿನ ಬಟ್ಟೆ ಒರೆಸಿದೆವು. ಐಸ್ ಬೇಡ ಅಂದಿದ್ದರು. 103ಕ್ಕೆ ಇಳಿದಾಗ ಒರೆಸುವುದನ್ನು ನಿಲ್ಲಿಸಿದೆವು, ಇಲ್ಲದಿದ್ದರೆ ಮೈ ತೀರಾ ತಣ್ಣಗಾಗಿಬಿಡುತ್ತಂತೆ. ನಿಂತಿತು ಅಂತ ಸುಮ್ಮನಾಗದೆ ಆಸ್ಪತ್ರೆಗೂ ಹೋಗಿಬಂದೆವು. ಎರಡನೆಯದು ಬರಲಿಲ್ಲ.

ವಾಪಸು ಬರುವಾಗ ಬೆಳಗಾಗಿತ್ತು. ಬೆಲ್ಲ ಹಿಂದಿನ ಸೀಟಿನಲ್ಲಿ ಅಮ್ಮನ ತೊಡೆಯ ಮೇಲೆ. ಅಮ್ಮನನ್ನೂ ಗುರುತಿಸದೆ, ಕಿಟಕಿ, ಬಾಗಿಲು, ಅವಳ ಸೆರಗು ಎಲ್ಲವನ್ನೂ ಮೂಸುತ್ತಿದ್ದ. ಈ ಹೊತ್ತಿನಲ್ಲಿ ಗಾಬರಿಯಲ್ಲಿ ಕಚ್ಚುವುದೂ ಇದೆ, ಮುಖ ಹತ್ತಿರ ತರಬೇಡ ಅಂದೆ. ಅವಳು ಕೇಳಿಸಿಕೊಳ್ಳಲಿಲ್ಲವೋ ಏನೋ. ದೇವೇಗೌಡ ಪೆಟ್ರೋಲ್ ಬಂಕಿನ ಸಿಗ್ನಲ್ಲಿನಲ್ಲಿ ಗಾಡಿ ನಿಂತಾಗ ಅಮ್ಮ ಹೇಳಿದಳು,

"ದಾಸುನ್ನ ಹತ್ತು ದಿನ ಕಟ್ಟಿ ಹಾಕಿ ನೋಡ್ಲಾಗಿತ್ತು."

ಮೂವತ್ತಮೂರು ವರ್ಷದಲ್ಲಿ ಅವಳ ಬಾಯಲ್ಲಿ ಆ ಹೆಸರು ಬಂದದ್ದು ಅದೇ ಮೊದಲು. ನನಗೆ ಏನು ಹೇಳಬೇಕೋ ತಿಳಿಯಲಿಲ್ಲ. "ಆಗ ಯಾರಿಗೆ ಗೊತ್ತಿತ್ತು ಅಮ್ಮ" ಅಂದೆ. "ನಾನೇ ಅಲ್ದ ಕೂಗಿದ್ದು" ಅಂದಳು. ಹಸಿರು ಬಂತು, ಹಿಂದಿನವನು ಹಾರ್ನ್ ಹೊಡೆದ.

ನಮ್ಮ ಅಡುಗೆಮನೆಯಲ್ಲಿ ಬೆಂಗಳೂರು ಪ್ರೆಸ್ಸಿನ ಕ್ಯಾಲೆಂಡರ್ ತೂಗುಹಾಕಿದೆ. ಏಕಾದಶಿ, ಸಂಕಷ್ಟಿ, ಗ್ಯಾಸ್ ಬಂದ ದಿನ, ಹಾಲಿನ ಲೆಕ್ಕ ಎಲ್ಲ ಅದರಲ್ಲೇ. ಈಗ ನಡುನಡುವೆ ಕೆಂಪು ಶಾಯಿಯಲ್ಲಿ 'ಬೆ' ಅಂತ ಒಂದು ಅಕ್ಷರ, ಪಕ್ಕದಲ್ಲಿ ಒಂದು ಸಂಖ್ಯೆ. ಡಾಕ್ಟರ ಹತ್ತಿರ ಹೋಗುವಾಗ ಅಮ್ಮ ಕ್ಯಾಲೆಂಡರನ್ನೇ ಮೊಳೆಯಿಂದ ತೆಗೆದು ಸುರುಳಿ ಸುತ್ತಿ ಕೊಡುತ್ತಾಳೆ. ಅವರು ಅದನ್ನು ಹರಡಿಕೊಂಡು ನೋಡಿ ಮಾತ್ರೆಯ ಲೆಕ್ಕ ಹಾಕುತ್ತಾರೆ.

ಗೆಳೆಯನ ಫೋನ್ ಬಂದ ಮರುದಿನ ಬೆಲ್ಲನಿಗೂ ಒಂದು ಬಂತು. ನಾಲ್ಕು ತಿಂಗಳ ಮೇಲೆ. ಒಂದು ನಿಮಿಷ ನಲವತ್ತು ಸೆಕೆಂಡು, ಸ್ಪ್ರೇ ಬೇಕಾಗಲಿಲ್ಲ. ನಾನು ಎದ್ದು ಕನ್ನಡಕ ಹುಡುಕುವಷ್ಟರಲ್ಲಿ ಅಮ್ಮ ಬರೆದೂ ಆಗಿತ್ತು.